ಚಳ್ಳಕೆರೆ ಗರಿಕೆ ಸೂಜಿಯಂತೆ, ಚನ್ನಗಿರಿ ಗರಿಕೆ ಅಗಲ: ತಳಿ ಬೇರೆನಾ, ಜಾಗ ಬೇರೆನಾ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನವನು, ಎಂಬತ್ತು ಕುರಿ ಇವೆ. ನಮ್ಮ ಕಾವಲಿನ (ಮೇಯಿಸೋ ಹುಲ್ಲುಗಾವಲಿನ) ಗರಿಕೆಯ ಎಲೆ ಸಣ್ಣ, ಒರಟು. ಮಧ್ಯಾಹ್ನ ಸುತ್ತಿಕೊಂಡು ಸೂಜಿ ತರ ಆಗುತ್ತೆ. ಚನ್ನಗಿರಿ ಹತ್ತಿರ ತಂಗಿ ಮನೆ, ಅವರ ಅಡಿಕೆ ತೋಟದ ಬದುವಿನಲ್ಲಿ ಅದೇ ಗರಿಕೆ ಅಗಲವಾಗಿ, ಮೆತ್ತಗೆ ಇರುತ್ತೆ. ತಳಿ ಬೇರೆನಾ, ಮಣ್ಣು ಬೇರೆನಾ? ನಮ್ಮಲ್ಲೂ ಹಳೇ ರೊಪ್ಪ (ರಾತ್ರಿ ಕುರಿ ಕೂಡೋ ಜಾಗ) ಇದ್ದ ಕಡೆ ಮಾತ್ರ ಹುಲ್ಲು ಕಡು ಹಸಿರು. ಯೂರಿಯಾ ಎರಚಿದರೆ ಕಾವಲಿನ ಎಲೆಯೂ ಅಗಲ ಆಗುತ್ತಾ?

ಉತ್ತರ: ಯೂರಿಯಾ ಚೀಲ ಸದ್ಯಕ್ಕೆ ಬಿಚ್ಚಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ತಳಿಯೋ ಜಾಗವೋ ಅನ್ನೋದನ್ನು ಎಲೆ ನೋಡಿ ಯಾರೂ ಹೇಳೋಕೆ ಆಗಲ್ಲ, ನಾನೂ ಅಷ್ಟೇ. ನೀವೇ ಕಂಡುಕೊಳ್ಳಬಹುದು. ತಂಗಿ ಮನೆಯಿಂದ ಬರುವಾಗ ನಾಲ್ಕೈದು ಗರಿಕೆ ಬಳ್ಳಿ ಬೇರು ಸಮೇತ ತನ್ನಿ. ನಿಮ್ಮ ಕಾವಲಿನದೂ ಅಷ್ಟೇ ತೆಗೆದುಕೊಂಡು, ಒಂದೇ ಅಳತೆಯ ಕುಂಡ, ಒಂದೇ ಮಣ್ಣು, ಒಂದೇ ಬಿಸಿಲು, ಒಂದೇ ನೀರು ಕೊಟ್ಟು ಎರಡು ತಿಂಗಳು ಬೆಳೆಸಿ. ಹಳೇ ಎಲೆ ಲೆಕ್ಕಕ್ಕಿಲ್ಲ, ಕುಂಡಕ್ಕೆ ಬಂದ ಮೇಲೆ ಹುಟ್ಟಿದ ಎಲೆಗಳನ್ನು ಮಾತ್ರ ನೋಡಬೇಕು. ವ್ಯತ್ಯಾಸ ಮಾಯವಾದರೆ ಅದು ಜಾಗದ ಗುಣ. ಹಾಗೇ ಉಳಿದರೆ ತಳಿಯದು. ಸಾಮಾನ್ಯವಾಗಿ ಎರಡೂ ಸ್ವಲ್ಪ ಸ್ವಲ್ಪ ಇರುತ್ತೆ. ಇನ್ನೊಂದು ಮಾತು, ನಿಮ್ಮ ಎಂಬತ್ತು ಕುರಿಗಳೂ ಈ ಲೆಕ್ಕದಲ್ಲಿವೆ! ದಿನಾ ಮೇದ ಗರಿಕೆ ನೆಲಕ್ಕೆ ಅಂಟಿಕೊಂಡು ಗಿಡ್ಡ ಎಲೆ ಬಿಡುತ್ತೆ. ಹುಲ್ಲಿನ ಎಲೆ ಬುಡದಿಂದ ಬೆಳೆಯುತ್ತಲ್ವಾ, ಅದಕ್ಕೇ ತುದಿ ಕಡಿದರೂ ಸಾಯಲ್ಲ.

ಈಗ ಮಳೆಯ ವಿಷಯ. ನಿಮ್ಮ ಕಡೆ ವರ್ಷಕ್ಕೆ ಬೀಳೋದು 500 ಮಿ.ಮೀ. ಆಸುಪಾಸು, ಅದೂ ಬಂದರೆ ಬಂತು. ಚನ್ನಗಿರಿ ಕಡೆ ಮಳೆ ಜಾಸ್ತಿ, ಅದರ ಮೇಲೆ ತೋಟಕ್ಕೆ ಹಾಯಿಸೋ ನೀರು, ಅಡಿಕೆ ಮರದ ನೆರಳು. ಎಲೆಯಲ್ಲಿ ಕಣ್ಣಿಗೆ ಕಾಣದ ಬಾಯಿಗಳಿವೆ, ಶಾಲೆಯಲ್ಲಿ ಪತ್ರರಂಧ್ರ ಅಂತ ಓದಿರುತ್ತೀರಿ. ಗಾಳಿ ಒಳಗೆ ಬರಬೇಕಾದರೆ ಅವು ತೆರೆಯಬೇಕು, ತೆರೆದರೆ ನೀರು ಆವಿಯಾಗಿ ಹೋಗುತ್ತೆ. ತೋಟದ ಗರಿಕೆಗೆ ಈ ಚಿಂತೆ ಕಡಿಮೆ, ನೆರಳಲ್ಲಿ ಬೆಳಕು ಹಿಡಿಯೋಕೆ ಅದಕ್ಕೆ ಅಗಲವಾದ ತೆಳ್ಳನೆ ಎಲೆ ಬೇಕು. ಕಾವಲಿನ ಗರಿಕೆಗೆ ಬೆಳಕು ಬೇಕಾದಷ್ಟಿದೆ, ನೀರಿಲ್ಲ.

ಸೂಜಿ ತರ ಸುತ್ತಿಕೊಳ್ಳೋದು ಅದಕ್ಕೇ. ಹುಲ್ಲಿನ ಎಲೆಯ ಮೇಲ್ಭಾಗದಲ್ಲಿ ನೀರು ತುಂಬಿದ ದೊಡ್ಡ ಕೋಶಗಳ ಸಾಲು ಇರುತ್ತೆ. ನೀರು ಕಡಿಮೆಯಾದರೆ ಅವು ಗಾಳಿ ಹೋದ ಬಲೂನಿನಂತೆ ಕುಗ್ಗಿ, ಎಲೆ ಒಳಮುಖವಾಗಿ ಸುತ್ತಿಕೊಳ್ಳುತ್ತೆ. ಮೆಕ್ಕೆಜೋಳದ ಗರಿ ಮಧ್ಯಾಹ್ನ ಮುದುಡೋದೂ ಇದೇ. ಎಲೆ ಸಣ್ಣದಾಗಿರೋದಕ್ಕೆ ಇನ್ನೊಂದು ಲಾಭವಿದೆ, ಅಗಲವಾದ ಎಲೆಯ ಸುತ್ತ ಬಿಸಿಗಾಳಿ ಕಂಬಳಿ ಹೊದ್ದಂತೆ ನಿಂತುಬಿಡುತ್ತೆ, ಸಣ್ಣ ಎಲೆಯ ಬಿಸಿಯನ್ನು ಗಾಳಿ ಬೇಗ ಹೊತ್ತೊಯ್ಯುತ್ತೆ. ಜಾಲಿ ಮರದ ಚೂರು ಚೂರು ಎಲೆ ನೆನಪಿಸಿಕೊಳ್ಳಿ.

ಎಲ್ಲ ಗಿಡಗಳ ಉಪಾಯ ಒಂದೇ ಅಲ್ಲ. ವಿಷ್ಣುಕ್ರಾಂತಿಯ ಪುಟ್ಟ ಎಲೆ ಮುಟ್ಟಿದರೆ ರೇಷ್ಮೆಯಂಥ ಕೂದಲು ಸಿಗುತ್ತೆ. ಬಂದರಿಕೆ ಎಲೆ ಅಂಟಂಟು, ಮೇಲೆ ಹೊಳಪು. ಎಕ್ಕದ ಎಲೆ ದಪ್ಪ, ಮೇಣ ಬಳಿದಂತೆ. ಆದರೆ ಒಣ ಸೀಮೆ ಅಂದರೆ ದಪ್ಪ ಎಲೆ ಅಂತ ಸುಮ್ನೆ ತೀರ್ಮಾನ ಮಾಡಬೇಡಿ. ಮುಂಗಾರಿಗೆ ಹುಟ್ಟಿ ದೀಪಾವಳಿಯೊಳಗೆ ಬೀಜ ಉದುರಿಸಿ ಹೋಗೋ ಒಂದು ವರ್ಷದ ಹುಲ್ಲುಗಳನ್ನು ನೋಡಿ, ಬಹಳಷ್ಟರ ಎಲೆ ತೆಳ್ಳಗಿರುತ್ತೆ. ಬರ ಬರೋ ಮೊದಲೇ ಊರು ಬಿಡೋರಿಗೆ ಗಟ್ಟಿ ಮನೆ ಯಾಕೆ? ತೆಳ್ಳನೆ ಎಲೆ ಅಗ್ಗ, ಬೇಗ ಲಾಭ, ಬೇಗ ಸಾವು. ದಪ್ಪ ಎಲೆ ದುಬಾರಿ, ನಿಧಾನ, ಬಾಳಿಕೆ ಜಾಸ್ತಿ. 2004ರಲ್ಲಿ ಪ್ರಪಂಚದ 175 ಜಾಗಗಳ 2548 ಜಾತಿ ಗಿಡಗಳ ಎಲೆ ಲೆಕ್ಕ ಒಟ್ಟುಹಾಕಿದಾಗಲೂ ಇದೇ ವ್ಯಾಪಾರ ಕಂಡಿತು.

ಹಾಗಾದರೆ ರೊಪ್ಪದ ಕಡು ಹಸಿರು? ಅದು ನಿಜವಾಗಿ ಮಣ್ಣಿನ ಕೆಲಸ. ವರ್ಷಗಟ್ಟಲೆ ಬಿದ್ದ ಹಿಕ್ಕೆ, ಗಂಜಲದಿಂದ ಅಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಸೇರಿಕೊಂಡಿವೆ. ಸಾರಜನಕ ಸಿಕ್ಕರೆ ಎಲೆಯಲ್ಲಿ ಹಸಿರು ಬಣ್ಣ, ಪ್ರೋಟೀನ್ ಎರಡೂ ಏರುತ್ತವೆ. ಕುರಿಗೆ ಪಾಠ ಬೇಡ, ಬಿಟ್ಟರೆ ಅಲ್ಲಿಗೇ ಹೋಗುತ್ತೆ. ಆದರೆ ಒಮ್ಮೆ ಅಲ್ಲಿ ಕೂತು ಎಲೆಯ ಅಗಲ ಅಳೆದು ನೋಡಿ, ಬಣ್ಣದಲ್ಲಿ ಕಂಡಷ್ಟು ವ್ಯತ್ಯಾಸ ಅಗಲದಲ್ಲಿ ಸಿಗದೇ ಇರಬಹುದು. 2019ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ ನಾಲ್ಕು ಖಂಡಗಳ 27 ಹುಲ್ಲುಗಾವಲುಗಳಿಗೆ ಗೊಬ್ಬರ ಹಾಕಿ ಎಲೆ ಅಳೆದಿದ್ದರು. ಎಲೆಯೊಳಗಿನ ಪೋಷಕಾಂಶ ಏರಿತು. ಎಲೆಯ ಒಣ ತೂಕಕ್ಕೆ ಎಷ್ಟು ವಿಸ್ತೀರ್ಣ ಅನ್ನೋ ಅಳತೆ ಮಾತ್ರ ಎಲ್ಲ ಕಡೆ ಒಂದೇ ತರ ಬದಲಾಗಲಿಲ್ಲ. ಅಂದರೆ ಗೊಬ್ಬರದ ಗುರುತನ್ನು ಎಲೆಯ ಒಳಗೆ ಹುಡುಕಬೇಕು, ಆಕಾರದಲ್ಲಿ ಅಲ್ಲ.

ಮಣ್ಣಿನ ಜಾತಿಯೂ ಸೇರುತ್ತೆ. ಎರೆ ಭೂಮಿ ನೀರು ಹಿಡಿದಿಡುತ್ತೆ, ಆದರೆ ಒಣಗುತ್ತಾ ಬಂದಾಗ ಬೇರಿಗೆ ಸುಲಭವಾಗಿ ಬಿಟ್ಟುಕೊಡಲ್ಲ. ಸುಣ್ಣ ಜಾಸ್ತಿ ಇರೋ ನೆಲದಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗಲ್ಲ, ಶೇಂಗಾದ ಎಳೆ ಎಲೆ ನರ ಹಸಿರು ಉಳಿದು ನಡುವೆ ಹಳದಿ ಆಗೋದನ್ನು ನೋಡಿರುತ್ತೀರಿ.

ಈಗ ಯೂರಿಯಾ. ಕಾವಲಿನಲ್ಲಿ ಕೊರತೆ ಇರೋದು ಮೊದಲು ನೀರಿನದು, ಮಳೆ ಇಲ್ಲದಾಗ ಎರಚಿದ್ದರಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತೆ. ಮಳೆ ಬಂದರೆ ಒಂದೆರಡು ಜಾತಿ ಹುಲ್ಲು ಎತ್ತರಕ್ಕೆ ಎದ್ದು ಉಳಿದವನ್ನು ನೆರಳಲ್ಲಿ ಮುಚ್ಚಿಬಿಡುತ್ತೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ನೆಲ ಅದು, ಅಲ್ಲಿನ ಹತ್ತಾರು ಬಗೆ ಹುಲ್ಲು ಬಡ ಮಣ್ಣಿಗೇ ಹೊಂದಿಕೊಂಡಿವೆ. ಜೊತೆಗೆ ಕುರಿ ಯೂರಿಯಾ ಕಾಳು ನೆಕ್ಕಿದರೆ ಜೀವಕ್ಕೇ ಅಪಾಯ. ಜೋಳದ ಹೊಲದ ಕಥೆ ನಿಮಗೆ ಗೊತ್ತೇ ಇದೆ. ಮಳೆ ಕೈಕೊಟ್ಟಾಗ ಬಾಡಿದ ಎಳೆ ಜೋಳ ತಿಂದ ದನ, ಕುರಿ ಹೊಟ್ಟೆ ಉಬ್ಬರಿಸೋದಕ್ಕೂ ಮೊದಲೇ ಬಿದ್ದು ಸಾಯುತ್ತವೆ. ಎಲೆಯಲ್ಲಿ ಸಯನೈಡ್ ವಿಷ ಬಿಡುಗಡೆ ಮಾಡೋ ಅಂಶ ಬರದಲ್ಲಿ ಏರುತ್ತೆ, ಸಾರಜನಕ ಗೊಬ್ಬರ ಅದನ್ನು ಇನ್ನೂ ಏರಿಸುತ್ತೆ. ನನ್ನ ಕೇಳಿದರೆ ರೊಪ್ಪವನ್ನೇ ಆಗಾಗ ಜಾಗ ಬದಲಿಸಿ ಹಾಕಿ, ಖರ್ಚಿಲ್ಲ.

ಪ್ರಶ್ನೆ: ದಾವಣಗೆರೆಯ ಪಿಯು ವಿದ್ಯಾರ್ಥಿನಿ. ಇದನ್ನೇ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೇನೆ. ಲ್ಯಾಬ್ ಇಲ್ಲದೆ ಎಲೆ ಅಳೆಯೋದು ಹೇಗೆ?

ಉತ್ತರ: ಗ್ರಾಫ್ ಹಾಳೆ, 0.01 ಗ್ರಾಂ ತೋರಿಸೋ ತಕ್ಕಡಿ ಸಾಕು ಕಣಮ್ಮ. ಬಿಸಿಲಲ್ಲಿ ಬೆಳೆದ, ಪೂರ್ತಿ ಬಲಿತ, ಹುಳ ತಿನ್ನದ ಎಲೆ ಹತ್ತು ಬೇರೆ ಬೇರೆ ಗಿಡಗಳಿಂದ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ತಾ. ಸುತ್ತಿಕೊಂಡಿದ್ದರೆ ಬುಡವನ್ನು ರಾತ್ರಿಯಿಡೀ ನೀರಲ್ಲಿಡು, ಬಿಚ್ಚಿಕೊಳ್ಳುತ್ತೆ. ಗ್ರಾಫ್ ಮೇಲೆ ಗೆರೆ ಎಳೆದು ಚೌಕ ಎಣಿಸು, ಆಮೇಲೆ ಪೇಪರಿನೊಳಗೆ ನಾಲ್ಕೈದು ದಿನ ಚೆನ್ನಾಗಿ ಒಣಗಿಸಿ ತೂಗು. ಗರಿಕೆ ಎಲೆ ಹಗುರ, ಒಂದೊಂದಾಗಿ ತೂಗಿದರೆ ತಕ್ಕಡಿ ಸೊನ್ನೆ ತೋರಿಸುತ್ತೆ, ಹತ್ತನ್ನೂ ಒಟ್ಟಿಗೆ ಇಡು, ಸಾಲದಿದ್ದರೆ ಐವತ್ತು ಕೀಳು. ಒಟ್ಟು ವಿಸ್ತೀರ್ಣವನ್ನು ಒಣ ತೂಕದಿಂದ ಭಾಗಿಸಿದರೆ ಒಂದು ಗ್ರಾಂಗೆ ಎಷ್ಟು ಚದರ ಸೆಂ.ಮೀ. ಅಂತ ಸಿಗುತ್ತೆ. 200 ದಾಟಿದರೆ ತೆಳ್ಳನೆ ಎಲೆ, 100ಕ್ಕಿಂತ ಕೆಳಗಿದ್ದರೆ ಗಟ್ಟಿ ಎಲೆ. ನಾಲೆ ಪಕ್ಕದ್ದು ಒಂದು, ಜಗಳೂರು ಕಡೆಯ ಗುಡ್ಡದ್ದು ಒಂದು ತಗೋ, ಹೋಲಿಸೋಕೆ ಚೆನ್ನಾಗಿರುತ್ತೆ.

ಪ್ರಶ್ನೆ: ಮೆಕ್ಕೆಜೋಳದ ಗರಿ ಸುತ್ತಿಕೊಂಡ ಕೂಡಲೇ ನೀರು ಹಾಯಿಸಬೇಕಾ? (ಹರಿಹರ)

ಉತ್ತರ: ಮಧ್ಯಾಹ್ನ ಸುತ್ತಿ ಸಂಜೆಗೆ ಬಿಚ್ಚಿಕೊಂಡರೆ ಒಂದೆರಡು ದಿನ ತಡೆಯಬಹುದು. ಬೆಳಿಗ್ಗೆ ಏಳಕ್ಕೂ ಸುತ್ತಿಕೊಂಡೇ ಇದ್ದರೆ ಅವತ್ತೇ ಹಾಯಿಸಿ. ತೆನೆಯ ಕೂದಲು ಹೊರಡೋ ಹೊತ್ತಾದರೆ ಮಧ್ಯಾಹ್ನದ ಸುತ್ತನ್ನೂ ಕಾಯಬೇಡಿ.