ಮಾವನ ಅಂಗೈಯಲ್ಲಿದ್ದ ಆಲೂಗಡ್ಡೆ

ಓದುಗರ ಪತ್ರ: ನಾನು ಐರ್ಲೆಂಡಿನ ಗಾಲ್ವೇಯಲ್ಲಿದ್ದೇನೆ. ಗಂಡ ಪಕ್ಕದ ಮೇಯೋ ಕೌಂಟಿಯವರು. ಹೋದ ಚಳಿಗಾಲದಲ್ಲಿ ಮಾವ ತೀರಿಕೊಂಡರು. ಕಥೆ ಹೇಳುವುದರಲ್ಲಿ ಎತ್ತಿದ ಕೈ. 1839ರಲ್ಲಿ ಇಲ್ಲಿ ಭಾರೀ ಬಿರುಗಾಳಿ ಬೀಸಿದ 'ದೊಡ್ಡ ಗಾಳಿಯ ರಾತ್ರಿ' ತಮ್ಮ ಮುತ್ತಜ್ಜಿ ಕೈಯಲ್ಲಿ ಆಲೂಗಡ್ಡೆ ಹಿಡಿದು ತಿನ್ನುತ್ತಿದ್ದಳು ಅಂತ ಅಂಗೈ ಬಟ್ಟಲು ಮಾಡಿ ತೋರಿಸುತ್ತಿದ್ದರು. ಈಗ ಮಕ್ಕಳಿಗಾಗಿ ಮನೆತನದ ಚರಿತ್ರೆ ಬರೆಯುತ್ತಿದ್ದೇವೆ. ಜನಗಣತಿ ತೆಗೆದು ನೋಡಿದರೆ ಆ ಅಜ್ಜಿಗೆ 1901ರಲ್ಲಿ 58 ವರ್ಷ, 1911ರಲ್ಲಿ 74! ಮೊದಲಿನ ಲೆಕ್ಕ ಸರಿ ಅಂದರೆ ಗಾಳಿ ಬೀಸಿದಾಗ ಅವಳು ಹುಟ್ಟೇ ಇರಲಿಲ್ಲ. ದಾಖಲೆ ಇರುವುದನ್ನಷ್ಟೇ ಬರೆಯೋಣ ಅಂತ ನಾನು. ಅಪ್ಪ ಹೇಳಿದ್ದೆಲ್ಲ ಬರಬೇಕು ಅಂತ ಗಂಡ. ಕೇಳೋಣವೆಂದರೆ ಮಾವನ ಅಕ್ಕ ಒಬ್ಬರೇ ಉಳಿದಿದ್ದಾರೆ, 90 ದಾಟಿದೆ. ನೀವೇನಂತೀರಿ?

ಸಂಪಾದಕರ ಉತ್ತರ: ನಾನು ನಿಮ್ಮ ಯಜಮಾನರ ಕಡೆ, ತಾಯಿ.

ದಾಖಲೆ ಬೇಡ ಅನ್ನುವುದಿಲ್ಲ. ಹೆಸರು, ಊರು, ಮದುವೆಯ ತಾರೀಖು ಸರಿಯಾಗಿರಲಿ. ಆದರೆ ಆ 58 ಹತ್ತೇ ವರ್ಷದಲ್ಲಿ 74 ಆಗಿದ್ದು ಯಾಕೆ ಅಂತ ವಿಚಾರಿಸಿದ್ರಾ?

ಆಗ ಐರ್ಲೆಂಡನ್ನೂ ಆಳುತ್ತಿದ್ದ ಬ್ರಿಟಿಷ್ ಸರ್ಕಾರ 1908ರಲ್ಲಿ ಮುದುಕರ ಪಿಂಚಣಿ ಕಾನೂನು ತಂದಿತು. 1909ರ ಜನವರಿಯಿಂದ 70 ತುಂಬಿದ ಬಡವರಿಗೆ ವಾರಕ್ಕೆ 5 ಶಿಲ್ಲಿಂಗ್‌ವರೆಗೆ ಸಿಗತೊಡಗಿತು. ಐರ್ಲೆಂಡಿನಲ್ಲಿ ಎಲ್ಲರ ಜನನ ಬರೆದಿಡಲು ಶುರು ಮಾಡಿದ್ದೇ 1864ರಲ್ಲಿ. ಹಳ್ಳಿಯ ಮುದುಕರು ಯಾವ ಕಾಗದ ತೋರಿಸಬೇಕು? ಹಾಗಾಗಿ ದೊಡ್ಡ ಗಾಳಿಯ ನೆನಪೇ ಸಾಕ್ಷಿಯಾಯಿತು. 1839ರ ಜನವರಿ 6ರ ರಾತ್ರಿ ಅದು; ಅದನ್ನು ಕಂಡವರಿಗೆ 1909ರಲ್ಲಿ 70 ತುಂಬಿರಲೇಬೇಕಲ್ಲ. 'ಅವತ್ತು ಕೈಯಲ್ಲಿ ಆಲೂಗಡ್ಡೆ ಹಿಡಿದು ತಿನ್ನುವಷ್ಟು ದೊಡ್ಡವಳಾಗಿದ್ದೆ' ಅನ್ನುವುದು ಎಷ್ಟೋ ಜನರ ಬಾಯಲ್ಲಿ ಬಂದ ಉತ್ತರ.

ಈಗ ನೋಡಿ. ನೀವು ನಂಬುವ 1911ರ ಕಾಗದ ನಿಂತಿರುವುದೇ ಆ ಆಲೂಗಡ್ಡೆಯ ಮೇಲಿರಬೇಕು! 1845ರಿಂದ ಆಲೂಗಡ್ಡೆ ನೆಲದಲ್ಲೇ ಕೊಳೆತು ಸುಮಾರು 10 ಲಕ್ಷ ಜನ ಸತ್ತರು. ಮೇಯೋ ಬಹಳ ನರಳಿದ ಸೀಮೆ. ಆಗ ಪುಟ್ಟ ಹುಡುಗಿಯಾಗಿದ್ದವಳು ಅವಳು. ಬದುಕಿ ಉಳಿದಳು. ಮುಪ್ಪಿನಲ್ಲಿ ವಾರದ ಐದು ಶಿಲ್ಲಿಂಗ್‌ಗಾಗಿ ಅಧಿಕಾರಿಯ ಮುಂದೆ ಅಂಗೈ ಬಾಗಿಸಿ ತೋರಿಸಿರಬೇಕು. ಇದನ್ನು ಸುಳ್ಳು ಅಂತ ಹೊಡೆದುಹಾಕುತ್ತೀರಾ? ನಿಮ್ಮ ಮಾವ ಅದನ್ನು ಜೋಪಾನವಾಗಿ ಮೊಮ್ಮಕ್ಕಳ ತನಕ ತಂದುಕೊಟ್ಟಿದ್ದಾರೆ, ಅಲ್ವಾ?

ಕಾಗದ ಗಟ್ಟಿ ಅಂದುಕೊಳ್ಳಬೇಡಿ. 1922ರ ಜೂನ್ 30ರಂದು, ಅಂತರ್ಯುದ್ಧದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಭಂಡಾರ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಗಣತಿ ಬಹುಪಾಲು ಬೂದಿ. 1881, 1891ರದನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಸರ್ಕಾರವೇ ರದ್ದಿಗೆ ಹಾಕಿತ್ತು. 1937ರಿಂದ 39ರವರೆಗೆ ಅಲ್ಲಿನ ಜಾನಪದ ಆಯೋಗ ಶಾಲೆಯ ಮಕ್ಕಳಿಗೆ ಒಂದು ಕೆಲಸ ಹೇಳಿತು: ಮನೆಯ ಹಿರಿಯರ ಬಾಯಿಂದ ಹಳೆಯ ಕಥೆಗಳನ್ನು ಕೇಳಿ ಬರೆದುಕೊಂಡು ಬನ್ನಿ. ಸುಮಾರು 5,000 ಶಾಲೆ, 50,000 ಮಕ್ಕಳು. ಆ ನೋಟ್‌ಬುಕ್‌ಗಳು ಈಗ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಓದಲು ಸಿಗುತ್ತವೆ. ಮಾವನ ಊರಿನ ಶಾಲೆಯದು ಇದೆಯಾ ಹುಡುಕಿ.

ನಮ್ಮಪ್ಪನ ಹುಟ್ಟಿದ ದಿನ ಶಾಲೆಯ ಲೆಕ್ಕದಲ್ಲಿ ಜೂನ್ 1. ಮೇಷ್ಟ್ರು ಬರೆದುಕೊಂಡದ್ದು. ಅಜ್ಜಿ ಹೇಳುತ್ತಿದ್ದದ್ದೇ ಬೇರೆ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ, ಬಚ್ಚಲಲ್ಲಿ ಹುಣಸೆಹಣ್ಣು ಹಾಕಿ ಹಂಡೆ ತಿಕ್ಕುತ್ತಿದ್ದಾಗ ನೋವು ಬಂತಂತೆ. ಅಪ್ಪ ಹೋಗಿ ಹನ್ನೊಂದು ವರ್ಷ. ಜೂನ್ 1 ಬಂದರೆ ನನಗೆ ಏನೂ ಅನ್ನಿಸುವುದಿಲ್ಲ. ಹಂಡೆ ತಿಕ್ಕುವ ಸದ್ದು ಕೇಳಿದರೆ ಕಣ್ಣು ತುಂಬುತ್ತದೆ.

ನಮ್ಮಲ್ಲಿ ಈಗ ವಂಶವೃಕ್ಷ ಅಂದರೆ ಜಮೀನಿನ ಖಾತೆ ಬದಲಾಯಿಸಲು ಬೇಕಾದ ಕಾಗದ, ಅಷ್ಟೇ. ಹೆಳವರು ಎತ್ತಿನ ಜೊತೆ ಬಂದು, ಜಗಲಿಯಲ್ಲಿ ಕೂತು, ಮನೆತನದ ತಲೆಮಾರುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಈಗ ಎಷ್ಟೋ ಮನೆಯವರು ಬಾಗಿಲಲ್ಲೇ ಹತ್ತು ರೂಪಾಯಿ ಕೊಟ್ಟು ಕಳಿಸುತ್ತಾರೆ. ಫೋನಿನಲ್ಲಿ ಅಜ್ಜನ ಫೋಟೋ ಇನ್ನೂರು ಇರುತ್ತವೆ, ಅಜ್ಜನ ದನಿ ಒಂದೂ ಇರುವುದಿಲ್ಲ. ನನಗೆ ತುಂಬಾ ಸಂಕಟವಾಗುತ್ತದೆ.

ಎರಡೂ ವಯಸ್ಸು ಬರೆಯಿರಿ, ಕಥೆಯನ್ನೂ ಬರೆಯಿರಿ. ಮಾವ ಆಡಿದ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. ಆಮೇಲೆ ಈ ಭಾನುವಾರವೇ ಮಕ್ಕಳನ್ನು ಕರೆದುಕೊಂಡು ಅವರ ಅಕ್ಕನ ಮನೆಗೆ ಹೋಗಿ. ಫೋನಿನ ರೆಕಾರ್ಡರ್ ಹಾಕಿ ಮೇಜಿನ ಮೇಲಿಡಿ. ದೊಡ್ಡ ಗಾಳಿಯ ರಾತ್ರಿ ಏನಾಯಿತು ಅಂತ ಕೇಳಿ, ಅವರ ಅಂಗೈ ಬಟ್ಟಲಾಗುತ್ತದೆಯಾ ನೋಡಿ.