ಎರಡು ಚಕ್ರದ ಪ್ರಶ್ನೋತ್ತರ: ಡಬ್ಬದಲ್ಲೇ ಸತ್ತ ಬೂಟು

ಮಳೆಗಾಲ ಮುಗಿಯುತ್ತಾ ಬಂತು ಅಂದರೆ ಬೂಟಿನ ಪ್ರಶ್ನೆಗಳು ಶುರು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವೇ ಇದ್ದುದರಿಂದ ಟೈರು, ಚೈನು, ಹೆಲ್ಮೆಟ್ ಎಲ್ಲ ಮುಂದಿನ ಸಂಚಿಕೆಗೆ. ಅವರೆಲ್ಲ ಸ್ವಲ್ಪ ಕಾಯಬೇಕು.

ಪ್ರಶ್ನೆ: ಸರ್, ಏಳೆಂಟು ವರ್ಷದ ಹಿಂದೆ ದುಬೈನಲ್ಲಿರುವ ಭಾವನ ಕೈಲಿ ಒಂದು ಜೊತೆ ಒಳ್ಳೆಯ ರೈಡಿಂಗ್ ಬೂಟು ತರಿಸಿದ್ದೆ. ಹಾಳಾಗಬಾರದು ಅಂತ ವರ್ಷಕ್ಕೆ ಒಂದೋ ಎರಡೋ ಸಲ ಹಾಕಿ, ಒರೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮತ್ತೆ ಡಬ್ಬದಲ್ಲೇ ಇಡುತ್ತಿದ್ದೆ. ಮೊನ್ನೆ ಕುಂದಾದ್ರಿಗೆ ಹೊರಟವನು ಪೆಟ್ರೋಲ್ ಬಂಕಿನಲ್ಲಿ ಕಾಲು ಊರಿದರೆ ಬಲಗಾಲಿನ ಅಟ್ಟೆ ಪೂರ್ತಿ ಕಳಚಿ ನೆಲದಲ್ಲೇ ಉಳಿಯಿತು. ಮೇಲಿನ ಲೆದರ್ ಮಾತ್ರ ಹೊಸದರ ಹಾಗೇ ಇದೆ. ಡೂಪ್ಲಿಕೇಟ್ ಮಾಲು ಕೊಟ್ಟರಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಡೂಪ್ಲಿಕೇಟ್ ಇರಲಿಕ್ಕಿಲ್ಲ, ಭಾವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಒಳ್ಳೊಳ್ಳೆ ಬೂಟುಗಳಿಗೇ ಹೀಗಾಗುತ್ತದೆ. ನೆಲಕ್ಕೆ ತಾಗುವ ಕರಿ ರಬ್ಬರಿಗೂ ಮೇಲಿನ ಲೆದರಿಗೂ ನಡುವೆ ಮೆತ್ತಗಿನ ಒಂದು ಪದರ ಇರುತ್ತದಲ್ಲ, ಅದು ಬಹಳಷ್ಟು ಬೂಟುಗಳಲ್ಲಿ ಪಾಲಿಯುರೆಥೇನ್ ಎಂಬ ನೊರೆಯಂಥ ಪ್ಲಾಸ್ಟಿಕ್ಕು. ಹಗುರ, ಕಾಲಿಗೆ ಹಾಯಿ, ಆದರೆ ಗಾಳಿಯಲ್ಲಿರುವ ತೇವ ಅದರೊಳಗೆ ಹೊಕ್ಕು ಅದರ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗುತ್ತದೆ. ಇದಕ್ಕೆ ಹೈಡ್ರಾಲಿಸಿಸ್ ಅನ್ನುತ್ತಾರೆ. ಸಾಮಾನ್ಯವಾಗಿ 5ರಿಂದ 10 ವರ್ಷದಲ್ಲಿ ಅದರ ಕಥೆ ಮುಗಿಯುತ್ತದೆ, ನೀವು ಹಾಕಿರಿ, ಬಿಡಿ. ನೀವಿರುವುದು ಎಲ್ಲಿ ನೋಡಿ! ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಗಾಳಿಯಾಡದ ಡಬ್ಬ, ಅದರೊಳಗೆ ಪ್ಲಾಸ್ಟಿಕ್ ಕವರು, ಅದರೊಳಗೆ ಒಮ್ಮೆ ಹಾಕಿ ಬೆವರು ಕುಡಿದ ಬೂಟು. ತೇವಕ್ಕೆ ಇದಕ್ಕಿಂತ ಒಳ್ಳೆ ಮನೆ ಸಿಗುತ್ತಾ? ಆಗಾಗ ಹಾಕಿಕೊಂಡು ಓಡಾಡಿದ ಬೂಟು ಇದಕ್ಕಿಂತ ಜಾಸ್ತಿ ದಿನ ತಾಳುತ್ತದೆ ಅಂತ ಬೂಟು ಮಾಡುವವರೇ ಹೇಳುತ್ತಾರೆ. ಜೋಪಾನ ಮಾಡಿದ್ದೇ ಮುಳುವಾಯಿತು ನೋಡಿ.

ಈಗ ಎಡಗಾಲಿನ ಬೂಟು ತೆಗೆದುಕೊಳ್ಳಿ. ಅಟ್ಟೆಯ ಪಕ್ಕಕ್ಕೆ ಹೆಬ್ಬೆರಳಿನ ಉಗುರು ಒತ್ತಿ. ಉಗುರಿನ ಗುರುತು ಹಾಗೇ ಉಳಿದರೆ, ಅಂಟಂಟಾಗಿದ್ದರೆ, ಅಥವಾ ಬೂಟನ್ನು ಬೆರಳಿನ ಹತ್ತಿರ ಬಗ್ಗಿಸಿದಾಗ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅದೂ ಹೊರಟಿದೆ ಅಂತ ಅರ್ಥ. ಕಳಚಿದ ಅಟ್ಟೆಯನ್ನು ಹಾಗೇ ಅಂಟಿಸಿ ಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಬೇಡ. ಪುಡಿಪುಡಿಯಾದದ್ದರ ಮೇಲೆ ಯಾವ ಅಂಟೂ ಹಿಡಿಯುವುದಿಲ್ಲ, ವಾರದಲ್ಲಿ ಮತ್ತೆ ಕಳಚುತ್ತದೆ, ಅದೂ ಈ ಸಲ ಘಾಟಿಯಲ್ಲಿ ಬ್ರೇಕ್ ಒತ್ತುವಾಗಲೇ ಕಳಚಬಹುದು. ಹಳೆ ಪದರವನ್ನು ಪೂರ್ತಿ ಕೆರೆದು ತೆಗೆದು, ಎರಡೂ ಕಾಲಿಗೆ ರಬ್ಬರಿನದೋ ಇವಿಎ ಎಂಬ ಮೆತ್ತನೆ ಫೋಮ್ ಹಾಳೆಯದೋ ಹೊಸ ಪದರ ಕೂರಿಸಿ, ಕೆಳಗೆ ಹೊಸ ಅಟ್ಟೆ ಹಾಕಿಸಿ. ಮೇಲಿನ ಲೆದರ್ ಚೆನ್ನಾಗಿದೆ ಅಂದಿರಲ್ಲ, ಹಾಗಾದರೆ ಖರ್ಚು ಮಾಡಿದ್ದು ದಂಡ ಆಗುವುದಿಲ್ಲ. ಅಂಟು ಎರಡೂ ಕಡೆ ಹಚ್ಚಿ, ಕೈಗೆ ಜಿಗುಟಾಗುವಷ್ಟು ಆರಿದ ಮೇಲೆ ಜೋಡಿಸಿ ಬಡಿಯಬೇಕು. ಹಚ್ಚಿದ ತಕ್ಷಣ ಒತ್ತಿಬಿಡುವವರ ಹತ್ತಿರ ಕೊಡಬೇಡಿ.

ಪ್ರಶ್ನೆ: ನಮ್ಮಲ್ಲಿ ಜೂನ್‌ನಿಂದ ಬೂಟಿಗೆ ಬೂಷ್ಟು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಒಲೆ ಮೇಲಿನ ಅಟ್ಟದಲ್ಲಿಡು ಅನ್ನುತ್ತಾರೆ. ಇಡಬಹುದಾ?
– ಓದುಗರು, ಶಿರಸಿ ಹತ್ತಿರದ ಹಳ್ಳಿ

ಉತ್ತರ: ಅಮ್ಮನ ಮಾತಿನಲ್ಲಿ ಅರ್ಧ ಸರಿ. ಒಣಗಿದ ಜಾಗ ಬೇಕು, ನಿಜ. ಆದರೆ ಒದ್ದೆ ಲೆದರಿಗೆ ಬಿಸಿ ತಾಗಿದರೆ ಅದು ಮುರುಟಿ ಗಟ್ಟಿಯಾಗುತ್ತದೆ, ಆಮೇಲೆ ಮಡಚುವ ಜಾಗದಲ್ಲೇ ಸೀಳುತ್ತದೆ, ಅಟ್ಟೆಯ ಅಂಟೂ ಸಡಿಲವಾಗುತ್ತದೆ. ಬಿಸಿಲಿಗೂ ಇದೇ ಮಾತು. ಮೊದಲು ಕೆಸರು ತೊಳೆಯಿರಿ, ಒಣಗಿದ ಕೆಸರು ಲೆದರಿನ ಎಣ್ಣೆಯನ್ನೂ ಹೀರಿಕೊಂಡುಬಿಡುತ್ತದೆ. ಒಳಗಿನ ಇನ್‌ಸೋಲ್ ಹೊರಗೆ ತೆಗೆದು, ಹಳೆ ಪೇಪರ್ ತುರುಕಿ, ಫ್ಯಾನಿನ ಕೆಳಗಿಡಿ. ಪೇಪರ್ ಒದ್ದೆಯಾದ ಹಾಗೆ ಬದಲಾಯಿಸುತ್ತಿರಿ. ಸುಮ್ನೆ ತುರುಕಿಟ್ಟು ಮರೆತರೆ ಆ ಪೇಪರೇ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಬಟ್ಟೆ ಕಪಾಟಿನೊಳಗೆ ಬಲ್ಬು ಉರಿಸಿಡುವ ಪದ್ಧತಿ ನಿಮ್ಮ ಮನೆಯಲ್ಲೂ ಇರಬಹುದು. ಇದ್ದರೆ ಅದೇ ಕಪಾಟಿನ ಕೆಳಗಿನ ಅಂತಸ್ತಿನಲ್ಲಿ, ಬಲ್ಬಿನಿಂದ ದೂರ ಇಡಿ. ಬಟ್ಟೆ ಜೊತೆ ಬೂಟಾ ಅಂತ ಮನೆಯವರು ಕೇಳಿದರೆ ಉತ್ತರ ನೀವೇ ಕೊಡಬೇಕು.

ಕೊಬ್ಬರಿ ಎಣ್ಣೆ ಬೇಡ. ಒಂದೆರಡು ದಿನ ಮಿರಮಿರ ಮಿಂಚುತ್ತದೆ, ಆಮೇಲೆ ಕಮಟು ವಾಸನೆ, ಧೂಳೂ ಮೆತ್ತಿಕೊಳ್ಳುತ್ತದೆ. ಜೇನುಮೇಣ ಇರುವ ಬೂಟಿನ ಪಾಲಿಶ್ ಅಥವಾ ಲೆದರ್ ಕಂಡಿಷನರ್ ತೆಳ್ಳಗೆ ಹಚ್ಚಿ, ಹೊಲಿಗೆ ಮೇಲೆ ಸ್ವಲ್ಪ ಜಾಸ್ತಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸಾಕು. ಬಂದಿರುವ ಬೂಷ್ಟನ್ನು ಮನೆ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೀರು ಬೆರೆಸಿದ ವಿನೆಗರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಮೇಲೆ ಒರೆಸಿ ಒಳಗೆ ಬಿಟ್ಟರೆ ಪ್ರಯೋಜನವಿಲ್ಲ.

ಪ್ರಶ್ನೆ: ಗೋರ್‌ಟೆಕ್ಸ್ ಬೂಟು, ನಾಲ್ಕು ಮಳೆಗಾಲ ಒಂದು ಹನಿ ಒಳಗೆ ಬಂದಿರಲಿಲ್ಲ. ಹೋದ ವರ್ಷ ಅಟ್ಟೆ ಅಂಚು ಸ್ವಲ್ಪ ಬಾಯಿ ಬಿಟ್ಟಿತ್ತು, ಗಟ್ಟಿಯಾಗಲಿ ಅಂತ ಸುತ್ತ ಹೊಲಿಗೆ ಹಾಕಿಸಿದೆ. ಈ ವರ್ಷ ಎರಡೂ ಸಾಕ್ಸು ಒದ್ದೆ. ಇಷ್ಟು ದುಡ್ಡು ಕೊಟ್ಟು ಹಿಂಗಾದ್ರ ಹೆಂಗ್ರೀ?
– ಓದುಗರು, ಹುಬ್ಬಳ್ಳಿ

ಉತ್ತರ: ಹೊಲಿದವರು ಕೆಲಸ ಚೆನ್ನಾಗಿಯೇ ಮಾಡಿದ್ದಾರೆ ರೀ, ತೊಂದರೆ ಅಲ್ಲೇ ಇದೆ. ಇಂಥ ಬೂಟಿನಲ್ಲಿ ನೀರು ತಡೆಯುವುದು ಹೊರಗಿನ ಲೆದರಲ್ಲ. ಲೆದರಿಗೂ ಒಳಗಿನ ಬಟ್ಟೆಗೂ ನಡುವೆ ಕಾಲುಚೀಲದ ಆಕಾರದಲ್ಲಿ ಒಂದು ತೆಳು ಪೊರೆ ಇರುತ್ತದೆ, ಅದರ ಜೋಡಣೆಗಳ ಮೇಲೆಲ್ಲ ಟೇಪು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಜೋರಾಗಿ ಎಳೆದು ಹಿಗ್ಗಿಸಿದಾಗ ಸಿಕ್ಕಿದ ವಸ್ತು ಅದು. ಬೆವರಿನ ಆವಿ ಹೊರಗೆ ಹೋಗುತ್ತದೆ, ನೀರಿನ ಹನಿ ಒಳಗೆ ಬರುವುದಿಲ್ಲ. ಈಗ ದಬ್ಬಳ ಅಟ್ಟೆ ಅಂಚಿನಿಂದ ಒಳಗೆ ಹೊಕ್ಕು ಹೊರಗೆ ಬಂದ ಒಂದೊಂದು ಜಾಗದಲ್ಲೂ ಆ ಪೊರೆಗೆ ತೂತು. ಆ ತೂತಿನಲ್ಲಿ ನೂಲು ಬೇರೆ, ನೀರನ್ನು ಎಳೆದು ತರುವ ಬತ್ತಿ.

ಆದರೂ ಖಾತ್ರಿ ಮಾಡಿಕೊಳ್ಳಿ. ಒಣ ಬೂಟಿನೊಳಗೆ ಟಿಶ್ಯೂ ಪೇಪರ್ ಹಾಸಿ, ಬಕೆಟಿನಲ್ಲಿ ಮುಂಗಾಲು ಮುಳುಗುವಷ್ಟು ನೀರು ಬಿಟ್ಟು, ಕಾಲು ಗಂಟೆ ನಿಲ್ಲಿಸಿ. ಪೇಪರ್ ಅಂಚಿನ ಸುತ್ತ ಒದ್ದೆಯಾದರೆ ಹೊಲಿಗೆಯೇ ಕಾರಣ. ಪೂರ್ತಿ ಒಣಗಿದ್ದರೆ ನಿಮ್ಮ ನೀರು ಮೇಲಿನಿಂದ ಬರುತ್ತಿದೆ, ರೇನ್ ಪ್ಯಾಂಟನ್ನು ಬೂಟಿನೊಳಗೆ ತುರುಕುತ್ತಿದ್ದೀರಿ ಅಂತ ಕಾಣುತ್ತೆ, ಹೊರಗೆ ಬಿಡಿ. ಪೊರೆಗೆ ಆದ ತೂತುಗಳನ್ನು ಮುಚ್ಚಿಸುವುದು ಕಷ್ಟ. ಬೂಟನ್ನು ಇನ್ನು ಬೇಸಿಗೆಗೆ ಇಟ್ಟುಕೊಳ್ಳಿ, ಮಳೆಗೆ ಮೇಲೊಂದು ರಬ್ಬರ್ ಕವರು. ಮುಂದೆ ಯಾವುದೇ ವಾಟರ್‌ಪ್ರೂಫ್ ಬೂಟನ್ನು ರಿಪೇರಿಗೆ ಕೊಟ್ಟರೂ ‘ಅಂಟು ಮಾತ್ರ, ಸೂಜಿ ಬೇಡ’ ಅಂತ ಮೊದಲೇ ಹೇಳಿ.

ಪ್ರಶ್ನೆ: ಸ್ವದೇಶಿ ಬೂಟು 9,000ಕ್ಕೆ ಸಿಗುವಾಗ ಇಟಲಿಯದಕ್ಕೆ 35,000 ಯಾಕೆ ಕೊಡಬೇಕು? ಫ್ಯಾಕ್ಟರಿಯ ಸೇಫ್ಟಿ ಶೂ 1,500ಕ್ಕೇ ಬರುತ್ತದೆ.
– ಓದುಗರು, ಬೆಂಗಳೂರು

ಉತ್ತರ: ಸೇಫ್ಟಿ ಶೂ ಕಾಲ್ಬೆರಳ ಮೇಲೆ ಭಾರ ಬೀಳದಂತೆ ಕಾಯುತ್ತದೆ. ಬೈಕ್ ಬಿದ್ದಾಗ ಅಡಿಗೆ ಸಿಕ್ಕಿ ತಿರುಚಿಕೊಳ್ಳುವುದು ಕಾಲಿನ ಗಿಣ್ಣು, ಅಲ್ಲಿ ಅದು ಏನೂ ಮಾಡುವುದಿಲ್ಲ. ಉಳಿದೆರಡರಲ್ಲಿ ಬೆಲೆ ಚೀಟಿಗಿಂತ ಮೊದಲು ಒಳಗಿನ ಲೇಬಲ್ ನೋಡಿ. ಬೈಕಿನ ಚಿತ್ರ, ಇಎನ್ 13634 ಎಂಬ ಸಂಖ್ಯೆ (ಬೈಕ್ ಬೂಟಿಗೆ ಯುರೋಪಿನವರು ಇಟ್ಟ ಗುಣಮಟ್ಟದ ಗುರುತು), ಅದರ ಕೆಳಗೆ 1 ಅಥವಾ 2 ಎಂದು ನಾಲ್ಕು ಅಂಕಿ ಇರಬೇಕು. ಮೊದಲನೆಯದು ಬೂಟಿನ ಎತ್ತರ, ಎರಡನೆಯದು ರಸ್ತೆಗೆ ಉಜ್ಜಿದಾಗ ಎಷ್ಟು ತಾಳುತ್ತದೆ, ಮೂರನೆಯದು ಚೂಪಾದ ಪೆಟ್ಟು, ನಾಲ್ಕನೆಯದು ಅಡ್ಡಡ್ಡ ಹಿಚುಕಿದರೆ ಎಷ್ಟು ಗಟ್ಟಿ ಅನ್ನುವುದು. 2 ಇದ್ದರೆ ಜಾಸ್ತಿ ರಕ್ಷಣೆ. 9,000ದ ಬೂಟಿನಲ್ಲಿ ಇದು ಇದ್ದು 35,000ದ ಫ್ಯಾಶನ್ ಬೂಟಿನಲ್ಲಿ ಇಲ್ಲದೇ ಇರಬಹುದು.

ಇಟಲಿಯವರ ಹೆಚ್ಚುಗಾರಿಕೆ ಇರುವುದು ಬೇರೆ ಕಡೆ. ಅಲ್ಲಿನ ಮಾಂಟೆಬೆಲ್ಲುನಾ ಎಂಬ ಊರಿನ ಸುತ್ತಮುತ್ತ ಬೆಟ್ಟ ಹತ್ತುವವರ ಬೂಟು ಹೊಲಿಯುತ್ತಿದ್ದ ಊರುಗಳಿಂದ ಬಂದವರು ಅವರು. ಅಲ್ಲಿನ ಬೂಟು ಕಂಪನಿಗಳಲ್ಲಿ ಸಿಡಿ ಶುರುವಾದದ್ದು 1960ರಲ್ಲಿ, ಆಲ್ಪೈನ್‌ಸ್ಟಾರ್ಸ್ 1963ರಲ್ಲಿ. ಇವರ ಎಷ್ಟೋ ಮಾಡೆಲ್‌ಗಳಲ್ಲಿ ಬಕಲ್, ಪಟ್ಟಿ ಇಂಥವನ್ನು ಬಿಡಿಯಾಗಿ ತರಿಸಿ ನಾವೇ ಸ್ಕ್ರೂ ಬಿಚ್ಚಿ ಹಾಕಬಹುದು. ಹತ್ತು ವರ್ಷ ಒಂದೇ ಬೂಟು ಅನ್ನುವವರಿಗೆ ಇದೇ ಮುಖ್ಯ, ಬಕಲ್ ಒಂದು ಮುರಿದರೆ ಬೂಟೇ ಮೂಲೆ ಸೇರಬಾರದಲ್ಲ. ಅಂಗಡಿಯಲ್ಲಿ ‘ಇದರ ಬಕಲ್ ಬಿಡಿಯಾಗಿ ಸಿಗುತ್ತಾ, ಅಟ್ಟೆ ಬದಲಾಯಿಸಿ ಕೊಡ್ತೀರಾ’ ಅಂತ ಕೇಳಿ. ತಡವರಿಸಿದರೆ ಎದ್ದು ಬನ್ನಿ, ಯಾವ ದೇಶದ ಬ್ರ್ಯಾಂಡ್ ಆದರೂ ಸರಿ. ದಿನಾ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗುವುದಷ್ಟೇ ಇದ್ದರೆ ಗಿಣ್ಣು ಮುಚ್ಚುವ ಗಿಡ್ಡ ಬೂಟು ಸಾಕು. ಮೊಣಕಾಲಿನವರೆಗಿನ ಬೂಟನ್ನು ಆ ಸೆಖೆಗೆ ನೀವು ಒಂದೇ ವಾರ ಹಾಕುತ್ತೀರಿ.

ಪ್ರಶ್ನೆ: ಅಪ್ಪನ ಯೆಜ್ಡಿ ಈಗ ನನ್ನದು. ಎಡಬೂಟಿನ ಮುಂದಲೆ ಬೇಗ ಸವೆಯುತ್ತದೆ, ಬಲಗಾಲಿನದು ಹಾಗೇ ಇದೆ.
– ಓದುಗರು, ಮೈಸೂರು

ಉತ್ತರ: ನಿಮ್ಮೂರಿನದೇ ಗಾಡಿ, 1996ರವರೆಗೆ ಅಲ್ಲೇ ತಯಾರಾಗುತ್ತಿತ್ತು. ಅದರಲ್ಲಿರುವುದು ಒಂದೇ ಲಿವರು, ಗೇರಿಗೂ ಅದೇ, ತಿರುಗಿಸಿದರೆ ಕಿಕ್ಕರೂ ಅದೇ, ಎರಡೂ ಎಡಗಾಲಿಗೇ. ಸವೆಯದೆ ಏನು ಮಾಡುತ್ತದೆ ಪಾಪ! ಹಳೆ ಬುಲೆಟ್‌ನವರಿಗೆ ಗೇರ್ ಬಲಗಡೆ, ಅವರ ಬಲಬೂಟು ಸವೆಯುತ್ತದೆ. ಲೆದರ್ ತೂತಾಗುವ ಮೊದಲೇ ಗೇರ್ ತಾಗುವ ಜಾಗಕ್ಕೆ ದಪ್ಪ ಲೆದರಿನ ತುಂಡೊಂದನ್ನು ಅಂಟಿಸಿ, ಅಂಚು ಹೊಲಿಸಿಕೊಳ್ಳಿ. ನಿಮ್ಮದು ವಾಟರ್‌ಪ್ರೂಫ್ ಬೂಟಾದರೆ ಹುಬ್ಬಳ್ಳಿಯವರ ಉತ್ತರ ಓದಿ, ಅಂಟು ಮಾತ್ರ. ಲಿವರಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದೆಯಾ ನೋಡಿ. ಅದನ್ನು ಬದಲಾಯಿಸದೆ ಎಷ್ಟು ತುಂಡು ಹಾಕಿಸಿದರೂ ಅಷ್ಟೇ.

ಪ್ರಶ್ನೆ: ನಮ್ಮನೆಯವರು ಬೂಟು ಬಿಚ್ಚಿದರೆ ಹಾಲ್‌ನಲ್ಲಿ ಕೂರಕ್ಕಾಗಲ್ಲ. ತೊಳೆದರೆ ಹಾಳಾಗುತ್ತೆ ಅಂತಾರೆ.
– ಓದುಗರು, ದಾವಣಗೆರೆ

ಉತ್ತರ: ಇನ್‌ಸೋಲ್ ತೊಳೆಯಬಹುದು, ಹಾಳಾಗಲ್ಲ, ಅವರಿಗೆ ಈ ಪುಟ ತೋರಿಸಿ. ಹಳೆ ಇನ್‌ಸೋಲ್ ಎಸೆದು ಹೊಸದು ಹಾಕಿದರೆ ಇನ್ನೂ ವಾಸಿ, ಬೂಟಿನ ಬೆಲೆಯ ಮುಂದೆ ಅದೇನೂ ಅಲ್ಲ. ಕಾಟನ್ ಸಾಕ್ಸ್ ಬೆವರು ಹಿಡಿದಿಟ್ಟುಕೊಳ್ಳುತ್ತದೆ, ಉಣ್ಣೆ ಬೆರೆತದ್ದು ಕೊಡಿಸಿ. ರಾತ್ರಿ ಬೂಟಿನ ಬಾಯಿ ಪೂರ್ತಿ ತೆರೆದು ಬಾಲ್ಕನಿಯಲ್ಲಿ, ನೆರಳಿನಲ್ಲಿಡಿ. ಬೆಳಿಗ್ಗೆ ಹಾಕಿಕೊಳ್ಳುವ ಮುಂಚೆ ತಲೆಕೆಳಗು ಮಾಡಿ ಎರಡು ಸಲ ಕೊಡವಲು ಹೇಳಿ, ಜಿರಳೆ, ಚೇಳು ಏನು ಬೇಕಾದರೂ ಹೊಕ್ಕಿರುತ್ತದೆ.