ಅಲಗಿನ ಹದ

ಪ್ರಶ್ನೆ: ಮಾನ್ಯರೆ, ನಾನು ಗಂಗಾವತಿಯಲ್ಲಿ ಸಣ್ಣದೊಂದು ಖಾನಾವಳಿ ನಡೆಸುತ್ತಿದ್ದೇನೆ. ದಿನವೂ ಹತ್ತು ಹನ್ನೆರಡು ಕಿಲೋ ಉಳ್ಳಾಗಡ್ಡಿ ಹೆಚ್ಚಬೇಕು. ಅಂಗಡಿಯಿಂದ ತಂದ ಸ್ಟೀಲ್ ಚಾಕು ಎರಡೇ ದಿನಕ್ಕೆ ಮೊಂಡಾಗುತ್ತದೆ. ಅಲಗಿನ ಮೇಲೆ ಅಲೆಯಂಥ ಗೆರೆಗಳಿರುವ ಜಪಾನಿ ಚಾಕು ತರಿಸೋಣ ಎನ್ನುತ್ತಾನೆ ಮಗ. ಆ ದುಡ್ಡಿನಲ್ಲಿ ನಮ್ಮೂರ ಕಂಬಾರರಿಂದ ಹತ್ತು ಚಾಕು ಮಾಡಿಸಬಹುದು. ಒಂದು ಚಾಕುವಿಗೆ ಅಷ್ಟು ಬೆಲೆ ಏಕೆ?

ಉತ್ತರ: ಗೆರೆಗಳಿಗಾಗಿ ದುಡ್ಡು ಕೊಡಬೇಡಿ. ಇಂದಿನ ಅಡುಗೆ ಚಾಕುಗಳಲ್ಲಿ ಅವು ಬಹುಪಾಲು ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು, ಆಮ್ಲದಲ್ಲಿ ಅದ್ದಿ ಮೂಡಿಸಿದ ಹೊದಿಕೆಯಷ್ಟೇ. ಹೆಚ್ಚುವ ಬಾಯಿ ನಡುವಿನ ಬೇರೊಂದು ಉಕ್ಕಿನದು. ದಕ್ಷಿಣ ಭಾರತದಲ್ಲಿ ಹಿಂದೆ ಮೂಸೆಯಲ್ಲಿ, ಅಂದರೆ ಮಣ್ಣಿನ ಕುಡಿಕೆಯಲ್ಲಿ, ಕರಗಿಸಿ ಮಾಡುತ್ತಿದ್ದ ಉಕ್ಕಿನಲ್ಲಿ ಇಂಥ ಗೆರೆ ಒಳಗಿನಿಂದಲೇ ಏಳುತ್ತಿತ್ತು. ಯುರೋಪಿನವರು ಅದನ್ನು ಕರೆದ ‘ವೂಟ್ಜ್’ ಎಂಬ ಹೆಸರಿಗೆ ನಮ್ಮ ‘ಉಕ್ಕು’ ಎಂಬ ಮಾತೇ ಮೂಲವೆಂದು ವಿದ್ವಾಂಸರು ಹೇಳುತ್ತಾರೆ.

ಬೆಲೆ ಸಲ್ಲಬೇಕಾದದ್ದು ಹದಕ್ಕೆ. ಶೇಕಡಾ 0.6ರಷ್ಟಾದರೂ ಇಂಗಾಲವಿರುವ ಉಕ್ಕನ್ನು ಕುಲುಮೆಯಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಅಯಸ್ಕಾಂತ ಅಂಟದಾದ ಬಳಿಕ ಎಣ್ಣೆಯಲ್ಲಿ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ ಕೂಡ. ಆದ್ದರಿಂದ ಅದನ್ನು ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ, ಉಜ್ಜಿದ ಮೈಗೆ ಒಣಗಿದ ಜೋಳದ ದಂಟಿನ ಬಣ್ಣ ಬರುವಷ್ಟು ಮಾತ್ರ ಕಾಯಿಸಿ ಸೆಡವು ತೆಗೆಯಬೇಕು. ಗಡುಸುತನವನ್ನು ಅಳೆಯುವ ರಾಕ್‌ವೆಲ್ ಮಾಪನದಲ್ಲಿ ಜರ್ಮನ್ ಚಾಕುಗಳು ಸಾಮಾನ್ಯವಾಗಿ 56ರಿಂದ 58ರಷ್ಟಿದ್ದರೆ, ಒಳ್ಳೆಯ ಜಪಾನಿ ಚಾಕುಗಳು 60ನ್ನು ದಾಟುತ್ತವೆ. ನಿಮ್ಮ ಅಂಗಡಿಯ ಚಾಕುವಿನ ಉಕ್ಕು ಮೆತ್ತಗಿರಬೇಕು. ಅದರ ಬಾಯಿ ಸವೆಯುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ಮಡಚಿಕೊಳ್ಳುತ್ತದೆ.

ಹದದಷ್ಟೇ ಮುಖ್ಯವಾದದ್ದು ಅಲಗಿನ ತೆಳುವು. ಹಿಡಿಯ ಬಳಿ 2–3 ಮಿಲಿಮೀಟರ್ ಇರುವ ಬೆನ್ನು ತುದಿಯ ಕಡೆಗೆ, ಹಾಗೆಯೇ ಬಾಯಿಯ ಕಡೆಗೆ, ಕ್ರಮವಾಗಿ ತೆಳುವಾಗುತ್ತ ಹೋಗಬೇಕು. ಬಾಯಿ ಎಷ್ಟೇ ಹರಿತವಾಗಿದ್ದರೂ ಅದರ ಹಿಂದಿನ ಭಾಗ ದಪ್ಪವಾಗಿದ್ದರೆ ಉಳ್ಳಾಗಡ್ಡಿ ಕತ್ತರಿಸಿಕೊಳ್ಳುವುದಿಲ್ಲ, ಸೀಳುತ್ತದೆ. ಈ ಕೆಲಸಕ್ಕೆ ಹಿಡಿಯುವ ಹೊತ್ತೇ ದುಬಾರಿ ಚಾಕುವಿನ ಬೆಲೆಯ ದೊಡ್ಡ ಪಾಲು ಎಂಬುದು ನನ್ನ ತಿಳಿವಳಿಕೆ.

ನಿಮಗೆ ನಾನು ಹೇಳುವುದು ಕಂಬಾರರನ್ನೇ. ಲಾರಿಯ ಹಳೆಯ ಕಮಾನು ಪಟ್ಟಿಯಲ್ಲಿ ಬೇಕಾದಷ್ಟು ಇಂಗಾಲವಿರುತ್ತದೆ, ಕುಡಗೋಲಿಗೆ ಹದ ಹಾಕುವವರಿಗೆ ಚಾಕುವಿನ ಹದ ಹೊಸದಲ್ಲ. ಆದರೆ ಕುಡಗೋಲಿನಷ್ಟು ದಪ್ಪ ಬಿಡದಂತೆ ಎದುರಿಗೆ ನಿಂತು ಕೇಳಿಕೊಳ್ಳಿ. ಅಲಗು 20 ಸೆಂಟಿಮೀಟರ್ ಉದ್ದ, ಬೆರಳಿನ ಗೆಣ್ಣು ಹಲಗೆಗೆ ಬಡಿಯದಂತೆ 4.5 ಸೆಂಟಿಮೀಟರ್ ಅಗಲ ಇರಲಿ. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹೋಗಿರಲಿ. ಉಳ್ಳಾಗಡ್ಡಿ ತಾಗಿ ಅಲಗು ಕಪ್ಪಾದರೆ ಹೆದರಬೇಡಿ, ಅದು ತುಕ್ಕಲ್ಲ. ಕೆಲಸ ಮುಗಿದ ಕೂಡಲೇ ತೊಳೆದು ಒರೆಸಿಟ್ಟರೆ ಸಾಕು.

ಪ್ರಶ್ನೆ: ನನ್ನ ತಮ್ಮ ಕಾಣಿಕೆಯಾಗಿ ಕೊಟ್ಟ ಜಪಾನಿ ಚಾಕುವಿನಿಂದ ತೆಂಗಿನಕಾಯಿ ಒಡೆದೆ. ಬಾಯಿಯಲ್ಲಿ ಮೂರು ಕಡೆ ಚಕ್ಕೆ ಎದ್ದಿದೆ. ಇದು ಕಳಪೆ ಮಾಲೇ? (ಬಳ್ಳಾರಿಯ ಓದುಗರು)

ಉತ್ತರ: ಕಳಪೆಯಲ್ಲ, ತಾಯಿ. ಆ ಚಾಕುವಿನ ಬಾಯಿಯನ್ನು ಪ್ರತಿ ಬದಿಗೆ ಸುಮಾರು 15 ಡಿಗ್ರಿ ಕೋನದಲ್ಲಿ ಮಸೆದಿರುತ್ತಾರೆ. ಅಷ್ಟು ತೆಳುವಾದ ಗಡುಸು ಉಕ್ಕು ಕರಟದ ಪೆಟ್ಟಿಗೆ ಬಾಗುವುದಿಲ್ಲ, ಮುರಿಯುತ್ತದೆ. ಕಾಯಿಗೂ ಮೂಳೆಗೂ ಮಚ್ಚು ಬಳಸಿ. ಅಡುಗೆಕಟ್ಟೆಯ ಕಡಪಾ ಕಲ್ಲಿನ ಮೇಲೆ ಇಟ್ಟು ಹೆಚ್ಚುವುದನ್ನೂ ಬಿಡಿ, ಮರದ ಮಣೆ ಇರಲಿ. ಚಕ್ಕೆಗಳನ್ನು ನೀರುಗಲ್ಲಿನಲ್ಲಿ, ಅಂದರೆ ನೀರು ಹಾಕಿ ಮಸೆಯುವ ಕಲ್ಲಿನಲ್ಲಿ, ಮೊದಲು ಒರಟಾದ 400, ಆಮೇಲೆ ನುಣುಪಾದ 1000 ನಂಬರಿನದರಲ್ಲಿ ಮಸೆದು ತೆಗೆಯಬಹುದು. ತಿರುಗುವ ಸಾಣೆಚಕ್ರಕ್ಕೆ ಮಾತ್ರ ಕೊಡಬೇಡಿ. ಕಿಡಿ ಹಾರಿ ಬಾಯಿ ನೀಲಿಗಟ್ಟಿತೆಂದರೆ ಉಕ್ಕು ಸುಮಾರು 300 ಡಿಗ್ರಿ ಕಾದಿದೆ ಎಂದರ್ಥ; ಅಷ್ಟು ಭಾಗದ ಹದ ಹೋದಂತೆಯೇ.